ದೊಡ್ಡವರಾದ ಮೇಲೆ ಆಟಿಸಂ ತಪಾಸಣೆ: ಬೇಕೇ, ಬೇಡವೇ?

ಆಟಿಸಂ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಂದು ಸಣ್ಣ ಮಗು. ಮಾತು ತಡವಾದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಆಟದ ಕಾರಿನ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುವ ಮಗು. ಆ ಮಗು ಒಂದು ದಿನ ದೊಡ್ಡದಾಗುತ್ತದೆ ಎಂಬುದನ್ನು ನಾವು ಯೋಚಿಸುವುದೇ ಕಡಿಮೆ. ಚೆನ್ನಾಗಿ ಮಾತಾಡುವ, ಶಾಲೆಯಲ್ಲಿ ಒಳ್ಳೆಯ ಮಾರ್ಕು ತೆಗೆದ, ಈಗ ಅಂಗಡಿ ನಡೆಸುವ, ಗಲ್ಫ್‌ನಲ್ಲಿ ದುಡಿಯುವ, ಎರಡು ಮಕ್ಕಳನ್ನು ಸಾಕುವ ವ್ಯಕ್ತಿಗೂ ಆಟಿಸಂ ಇರಬಹುದು ಎಂಬುದಂತೂ ನಮ್ಮಲ್ಲಿ ಹಲವರಿಗೆ ಹೊಸ ವಿಷಯ.

ಆದರೆ ಈ ಪ್ರಶ್ನೆ ಈಗ ನಮ್ಮ ಮನೆಗಳ ಬಾಗಿಲಿಗೂ ಬಂದಿದೆ. ಎಷ್ಟೋ ಸಲ ಅದು ಬರುವುದು ಮಕ್ಕಳ ಮೂಲಕ. ಮಗುವಿಗೆ ಆಟಿಸಂ ಉಂಟು ಎಂದು ಡಾಕ್ಟರು ಹೇಳುತ್ತಾರೆ. ಲಕ್ಷಣಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಕೇಳುತ್ತಾ ಕೂತ ತಂದೆಗೋ ತಾಯಿಗೋ ಒಳಗೆ ಏನೋ ತಟ್ಟುತ್ತದೆ: ‘ಇದು ನನ್ನ ಕತೆಯೇ ಅಲ್ಲವಾ?’ ಆಟಿಸಂನಲ್ಲಿ ಅನುವಂಶಿಕತೆಯ ಪಾಲು ದೊಡ್ಡದು ಎಂಬುದು ವೈದ್ಯವಿಜ್ಞಾನ ಒಪ್ಪಿದ ಮಾತು. ಹಾಗಾಗಿ ಈ ಅನುಮಾನ ಬರೀ ಭ್ರಮೆ ಆಗಿರಬೇಕೆಂದೇನಿಲ್ಲ. ಇನ್ನು ಕೆಲವರಿಗೆ ಮೊಬೈಲಿನಲ್ಲಿ ನೋಡಿದ ವೀಡಿಯೊದಿಂದ, ಮತ್ತೆ ಕೆಲವರಿಗೆ ಖಿನ್ನತೆಗೆಂದು ಹೋದಾಗ ಮನೋವೈದ್ಯರು ಕೇಳಿದ ಒಂದು ಪ್ರಶ್ನೆಯಿಂದ ಈ ಯೋಚನೆ ಶುರುವಾಗುತ್ತದೆ.

ಮತ್ತೆ ಬರುವುದು ನಿಜವಾದ ಗೊಂದಲ. ಈ ಪ್ರಾಯದಲ್ಲಿ ತಪಾಸಣೆಗೆ ಹೋಗಬೇಕಾ? ಹೋದರೆ ಎಂತ ಸಿಗುತ್ತದೆ? ಊರಿನವರಿಗೆ ಗೊತ್ತಾದರೆ? ತಂಗಿಯ ಮದುವೆ ಮಾತುಕತೆಗೆ ತೊಂದರೆಯಾದರೆ? ಇದನ್ನು ಗುಟ್ಟಿನಲ್ಲಿ ತೂಗಿ ನೋಡುತ್ತಿರುವವರು ನಮ್ಮ ನಡುವೆ ಇದ್ದಾರೆ. ಅವರಿಗಾಗಿ, ಮತ್ತು ಅವರ ಮನೆಯವರಿಗಾಗಿ ಈ ಬರಹ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ?

‘ಇದ್ದಿದ್ದರೆ ಸಣ್ಣದಿರುವಾಗಲೇ ಗೊತ್ತಾಗುತ್ತಿತ್ತು’ ಎಂಬುದು ನಾವು ಪದೇ ಪದೇ ಕೇಳುವ ಮಾತು. ಇದು ಸರಿಯಲ್ಲ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ತಮ್ಮ ಹೆಸರಾಂತ ಲೇಖನ ಬರೆದದ್ದು 1943ರಲ್ಲಿ. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್, ಮಾತು ಚೆನ್ನಾಗಿಯೇ ಇದ್ದು ಜನರೊಂದಿಗೆ ಬೆರೆಯಲಾಗದ ಮಕ್ಕಳ ಬಗ್ಗೆ ಬರೆದರು. ಈ ಎರಡನೇ ಗುಂಪಿನ ಕಡೆಗೆ ವೈದ್ಯಲೋಕದ ಗಮನ ಹರಿದದ್ದು 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ ಅದರ ಬಗ್ಗೆ ಬರೆದ ಮೇಲೆ. ಇವೆಲ್ಲವನ್ನೂ ಸೇರಿಸಿ ‘ಆಟಿಸಂ ಸ್ಪೆಕ್ಟ್ರಮ್’ ಎಂಬ ಒಂದೇ ಹೆಸರಿನಡಿ ತಂದದ್ದು 2013ರ ಅಮೆರಿಕದ ಕೈಪಿಡಿ.

ನಮ್ಮ ದೇಶದ ಕಾನೂನನ್ನೇ ನೋಡಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ವೈಕಲ್ಯಗಳಿದ್ದವು, ಆಟಿಸಂ ಅದರಲ್ಲಿ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂಗೆ ಜಾಗ ಕೊಟ್ಟಿತು. ಅಂದರೆ 1985ರಲ್ಲಿ ಹುಟ್ಟಿದವರು ಶಾಲೆ, ಕಾಲೇಜು, ಕೆಲಸ ಎಲ್ಲ ದಾಟಿ 31 ವರ್ಷದವರಾದಾಗ ಈ ಕಾಯ್ದೆ ಬಂತು. ಅವರ ಬಾಲ್ಯದಲ್ಲಿ ನಮ್ಮೂರಿನ ಮೇಷ್ಟ್ರಿಗಾಗಲೀ, ಉಸ್ತಾದರಿಗಾಗಲೀ, ಸಾಮಾನ್ಯ ಡಾಕ್ಟರಿಗಾಗಲೀ ಈ ಹೆಸರು ಪರಿಚಯ ಇರುವುದು ಹೇಗೆ?

ಹೆಸರು ಇಲ್ಲದಿದ್ದಾಗ ಊರು ತನ್ನದೇ ಹೆಸರು ಇಡುತ್ತದೆ. ‘ಅವನಿಗೆ ಜಂಬ, ಸಲಾಂ ಹೇಳಿದರೂ ನಿಂತು ಮಾತಾಡುವುದಿಲ್ಲ.’ ‘ಅವಳು ಒಂಥರಾ, ನೆಂಟರು ಬಂದರೆ ಕೋಣೆ ಸೇರುತ್ತಾಳೆ.’ ‘ಮಂಡೆ ಉಂಟು, ಲೋಕಜ್ಞಾನ ಇಲ್ಲ.’ ಹೆಚ್ಚು ಕಠಿಣವಾದರೆ ‘ಮರ್ಲ’. ಇಪ್ಪತ್ತು ಮೂವತ್ತು ವರ್ಷ ಇದನ್ನೇ ಕೇಳಿಸಿಕೊಂಡವನು ಅದನ್ನು ನಂಬಿಬಿಡುತ್ತಾನೆ.

ಹೆಣ್ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮಾತು ಕಡಿಮೆ, ಹೊರಗೆ ಹೋಗುವ ಹುಚ್ಚಿಲ್ಲ, ತನ್ನಷ್ಟಕ್ಕೆ ಇರುತ್ತಾಳೆ ಎಂದರೆ ನಮ್ಮಲ್ಲಿ ಅದು ಹೊಗಳಿಕೆ. ಹುಡುಗಿ ಬೇರೆಯವರನ್ನು ನೋಡಿ ನಗುವುದನ್ನು, ತಲೆಯಾಡಿಸುವುದನ್ನು, ‘ಹೌದಾ, ಮತ್ತೆ?’ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾಳೆ. ಒಂದು ಫೋನ್ ಮಾಡುವ ಮೊದಲು ಮನಸ್ಸಿನಲ್ಲೇ ಹತ್ತು ಸಲ ಹೇಳಿ ನೋಡುತ್ತಾಳೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಮದುವೆಯಾಗಿ ಗಂಡನ ಮನೆಯ ಕೂಡುಕುಟುಂಬಕ್ಕೆ ಹೋದ ಮೇಲೆ, ಬೆಳಗ್ಗಿನಿಂದ ರಾತ್ರಿಯವರೆಗೆ ಈ ನಟನೆ ಸಾಧ್ಯವಾಗದೆ ಅವಳು ಕುಸಿಯುತ್ತಾಳೆ. ಆಗಲೂ ನಮಗೆ ಸಿಗುವ ವಿವರಣೆ ‘ಅತ್ತೆ ಮನೆಗೆ ಹೊಂದಿಕೊಳ್ಳಲಿಲ್ಲ’ ಎಂಬುದೇ.

ತಪಾಸಣೆ ಅಂದರೆ ಎಂತ?

ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನಿಂಗ್‌ನಲ್ಲಿ ಆಟಿಸಂ ಕಾಣುವುದಿಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನಿಮ್ಮೊಂದಿಗೆ ದೀರ್ಘವಾಗಿ ಮಾತಾಡುತ್ತಾರೆ. ಒಂದೇ ಭೇಟಿಯಲ್ಲಿ ಮುಗಿಯಬೇಕೆಂದಿಲ್ಲ. ಆಟಿಸಂ ಹುಟ್ಟಿನಿಂದ ಬರುವಂಥದ್ದಾದ ಕಾರಣ ಬಾಲ್ಯದ ವಿವರ ಬೇಕೇ ಬೇಕು: ಮಾತು ಯಾವಾಗ ಬಂತು, ಯಾರ ಜೊತೆ ಆಡುತ್ತಿದ್ದಿರಿ, ಊಟ, ಬಟ್ಟೆ, ಶಬ್ದದ ವಿಷಯದಲ್ಲಿ ಹಠ ಇತ್ತಾ ಎಂದೆಲ್ಲ. ಸಾಧ್ಯವಿದ್ದರೆ ಉಮ್ಮನನ್ನೋ ಹಿರಿಯ ಅಕ್ಕನನ್ನೋ ಕೇಳುತ್ತಾರೆ. ಜನರ ಎದುರು ಆತಂಕ, ಗಮನದ ಕೊರತೆ, ಗೀಳು ಕಾಯಿಲೆ, ಖಿನ್ನತೆ ಇವೂ ಮೇಲ್ನೋಟಕ್ಕೆ ಇದೇ ರೀತಿ ಕಾಣಬಹುದು, ಜೊತೆಯಲ್ಲೇ ಇರಲೂಬಹುದು. ಅದನ್ನು ಬಿಡಿಸಿ ನೋಡುವುದೇ ಪರಿಣತರ ಕೆಲಸ.

ಅಂತರ್ಜಾಲದಲ್ಲಿ ಸಿಗುವ ಪ್ರಶ್ನಾವಳಿಗಳ ಬಗ್ಗೆ ಒಂದು ಮಾತು. 2001ರಲ್ಲಿ ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಮಾಡಿದ 50 ಪ್ರಶ್ನೆಗಳ ಪಟ್ಟಿ ಇವುಗಳಲ್ಲಿ ಹೆಸರುವಾಸಿ. ಅದು ‘ಮುಂದೆ ನೋಡಬೇಕಾ’ ಎಂದು ತಿಳಿಯುವುದಕ್ಕೆ ಇರುವ ಸಾಧನ, ತೀರ್ಪು ಅಲ್ಲ. ಪಾರ್ಟಿ ಇಷ್ಟವೋ ಲೈಬ್ರರಿ ಇಷ್ಟವೋ ಎಂಬ ಥರದ ಪ್ರಶ್ನೆ ಅಲ್ಲಿ ಬರುತ್ತದೆ. ಪಾರ್ಟಿಯೂ ಇಲ್ಲದ, ಲೈಬ್ರರಿಯೂ ಇಲ್ಲದ ನಮ್ಮ ಊರಿನವರು ಏನೆಂದು ಬರೆಯಬೇಕು? ಇಲ್ಲಿ ಕೇಳಬೇಕಾದದ್ದು ಮದುವೆ ಹಾಲ್‌ನ ಗದ್ದಲದಲ್ಲಿ ಎಷ್ಟು ಹೊತ್ತು ಇರಲಾಗುತ್ತದೆ, ಹೇಳದೆ ಬಂದ ನೆಂಟರನ್ನು ಕಂಡರೆ ಏನಾಗುತ್ತದೆ, ಸಂತಾಪ ಹೇಳಲು ಹೋದ ಮನೆಯಲ್ಲಿ ಏನು ಮಾತಾಡಬೇಕೆಂದು ತಿಳಿಯುತ್ತದಾ ಎಂಬುದನ್ನು. ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಅಲ್ಲಿ ಲಕ್ಷಣ. ಹಿರಿಯರ ಎದುರು ಕಣ್ಣು ತಗ್ಗಿಸುವುದು ಇಲ್ಲಿ ಅದಬು. ಹಾಗಾಗಿ ನಮ್ಮ ಬದುಕು ಗೊತ್ತಿರುವ ವೈದ್ಯರು ಮುಖ್ಯ. ಬ್ಯಾರಿ ಬಿಟ್ಟರೆ ಬೇರೆ ಭಾಷೆ ಸಲೀಸಿಲ್ಲದ ಉಮ್ಮನನ್ನು ಕೇಳುವಾಗ, ಆಕೆ ಹೇಳಿದ್ದನ್ನು ಹಾಗೆಯೇ ದಾಟಿಸುವ ಒಬ್ಬರು ಜೊತೆಯಲ್ಲಿ ಇರಬೇಕು. ‘ನನ್ನ ಮಗನಿಗೆ ಏನೂ ತೊಂದರೆ ಇರಲಿಲ್ಲ’ ಎಂದು ಆಕೆ ಮೊದಲು ಹೇಳುವುದು ಸಹಜ. ‘ಅವನು ಒಂದೇ ಬಟ್ಟಲಲ್ಲಿ ಉಣ್ಣುತ್ತಿದ್ದ, ಬೇರೆ ಬಟ್ಟಲಾದರೆ ಉಪವಾಸ’ ಎಂಬ ಮಾತು ನಿಧಾನಕ್ಕೆ ಬರುತ್ತದೆ.

ಸಿಗುವುದೇನು, ಹೋಗುವುದೇನು

ತಪಾಸಣೆಯಿಂದ ಸಿಗುವ ಮೊದಲ ಲಾಭ ನೆಮ್ಮದಿ. ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ತಮಗೆ ಆಸ್ಪರ್ಗರ್ ಇರುವುದನ್ನು ಜಗತ್ತಿಗೆ ಹೇಳಿದ್ದು 2013ರಲ್ಲಿ, 52ನೇ ವಯಸ್ಸಿನಲ್ಲಿ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ ಎಂಬ ಹಣೆಪಟ್ಟಿ ಹೊತ್ತು ಬೆಳೆದವರು ಅವರು. ಸರಿಯಾದ ಹೆಸರು ಸಿಕ್ಕಾಗ ಅವರಿಗಾದದ್ದು ದುಃಖಕ್ಕಿಂತ ಹೆಚ್ಚು ಸಮಾಧಾನ. ‘ನಾನು ಕೆಟ್ಟವನಲ್ಲ, ಸೋಮಾರಿಯಲ್ಲ, ನನ್ನ ಮೆದುಳು ಕೆಲಸ ಮಾಡುವ ರೀತಿ ಬೇರೆ’ ಎಂದು ತಿಳಿಯುವುದು ಸಣ್ಣ ಸಂಗತಿ ಅಲ್ಲ.

ಎರಡನೆಯದು ಚಿಕಿತ್ಸೆಯ ದಾರಿ. ಆಟಿಸಂ ವಾಸಿ ಮಾಡುವ ಮಾತ್ರೆ ಇಲ್ಲ, ಅದನ್ನು ವಾಸಿ ಮಾಡಬೇಕಾದ ರೋಗವೆಂದೇ ಈಗ ಹಲವರು ನೋಡುವುದಿಲ್ಲ. ಆದರೆ ಅದರ ಜೊತೆಗೆ ಬರುವ ಆತಂಕ, ಖಿನ್ನತೆ, ನಿದ್ದೆಯ ತೊಂದರೆಗೆ ಮದ್ದು ಉಂಟು. ಬೇರಿನಲ್ಲಿ ಆಟಿಸಂ ಇದೆ ಎಂದು ಗೊತ್ತಿದ್ದರೆ ‘ಜನರ ಜೊತೆ ಹೆಚ್ಚು ಬೆರೆಯಿರಿ’ ಎಂಬ ಸಲಹೆಯ ಬದಲು, ದಣಿವು ಆಗದ ಹಾಗೆ ದಿನವನ್ನು ಹೊಂದಿಸಿಕೊಳ್ಳುವ ಸಲಹೆ ಸಿಗುತ್ತದೆ.

ಮೂರನೆಯದು ಹಕ್ಕು. 40 ಶೇಕಡಾ ಅಥವಾ ಹೆಚ್ಚಿನ ವೈಕಲ್ಯ ಎಂದು ಸರ್ಟಿಫಿಕೇಟು ಸಿಕ್ಕರೆ ಸರಕಾರಿ ಉದ್ಯೋಗದ 4 ಶೇಕಡಾ, ಉನ್ನತ ಶಿಕ್ಷಣದ 5 ಶೇಕಡಾ ಮೀಸಲಾತಿಗೆ ಅರ್ಹತೆ ಬರುತ್ತದೆ. ಉದ್ಯೋಗದ ಈ ನಾಲ್ಕರಲ್ಲಿ ಒಂದು ಶೇಕಡಾ ಪಾಲನ್ನು ಆಟಿಸಂ ಇರುವವರು ಬೌದ್ಧಿಕ ವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಇರುವವರೊಂದಿಗೆ ಹಂಚಿಕೊಳ್ಳಬೇಕು. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಉಂಟು. ಆದರೆ ಸರ್ಟಿಫಿಕೇಟಿಗೆ ಬಳಸುವ ಭಾರತೀಯ ಅಳತೆಗೋಲಿನಲ್ಲಿ 40 ಅಂಶಗಳಿದ್ದು, ಒಟ್ಟು 70 ಅಂಕ ದಾಟದವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಚೆನ್ನಾಗಿ ಮಾತಾಡುವ, ಕೆಲಸ ಮಾಡಿಕೊಂಡಿರುವ ವಯಸ್ಕನಿಗೆ ವೈದ್ಯರು ‘ಆಟಿಸಂ ಹೌದು’ ಎಂದರೂ ಸರಕಾರಿ ಕಾಗದ ಸಿಗದೇ ಹೋಗಬಹುದು. ಸೌಲಭ್ಯದ ಆಸೆಯೊಂದನ್ನೇ ಹಿಡಿದು ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ಇನ್ನು ತಕ್ಕಡಿಯ ಆಚೆ ತಟ್ಟೆ. ವಯಸ್ಕರಲ್ಲಿ ಆಟಿಸಂ ಗುರುತಿಸುವ ಅನುಭವ ಇರುವವರು ಕಡಿಮೆ. ಹತ್ತಿರದಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಓಡಾಡಬೇಕು. ಖಾಸಗಿಯಲ್ಲಿ ಖರ್ಚು ಉಂಟು. ತಪ್ಪು ತೀರ್ಮಾನದ ಸಾಧ್ಯತೆಯೂ ಇಲ್ಲದಿಲ್ಲ. ಹೆಸರು ಸಿಕ್ಕ ಮೇಲೆ ಕೆಲವರಿಗೆ ಸಮಾಧಾನಕ್ಕಿಂತ ಮೊದಲು ಸಂಕಟ ಬರುತ್ತದೆ: ‘ಹತ್ತು ವರ್ಷದವನಿರುವಾಗಲೇ ಗೊತ್ತಾಗಿದ್ದರೆ ಅಷ್ಟು ಪೆಟ್ಟು ತಿನ್ನಬೇಕಿರಲಿಲ್ಲ.’ ವಿದೇಶಕ್ಕೆ ಹೋಗುವವರಿಗೆ ಮೆಡಿಕಲ್, ವೀಸಾ ಫಾರಂಗಳ ಯೋಚನೆ. ನಮ್ಮ ಸಮುದಾಯದ ಅನೇಕ ಮನೆಗಳ ಒಲೆ ಉರಿಯುವುದೇ ಗಲ್ಫ್ ದುಡಿಮೆಯಿಂದ. ಈ ಭಯವನ್ನು ‘ಸುಮ್ಮನೆ’ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಹೋಗುವ ದೇಶದ ನಿಯಮ ಏನೆಂದು ತಿಳಿದುಕೊಂಡು, ಸಮಯ ನೋಡಿ ನಿರ್ಧರಿಸುವುದು ಜಾಣತನ. ಆದರೆ ಕಾಲವೂ ಬದಲಾಗುತ್ತಿದೆ. ಯುಎಇ ಸರಕಾರ 2017ರಲ್ಲಿ ಅಂಗವಿಕಲ ಎಂಬ ಪದವನ್ನೇ ಬಿಟ್ಟು ‘ಅಸ್ಹಾಬುಲ್ ಹಿಮಮ್’, ಅಂದರೆ ಛಲವಂತರು, ಎಂದು ಕರೆಯಲು ಶುರು ಮಾಡಿತು.

ನಾಲ್ಕು ಬಾಗಿಲು, ಒಂದೇ ಅಲ್ಲ

ಈ ವಿಷಯದಲ್ಲಿ ಅರ್ಧ ಭಯ ಹುಟ್ಟುವುದು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವುದರಿಂದ. ಓದಿ, ಯೋಚಿಸಿ ತನ್ನನ್ನು ತಾನು ಅರ್ಥ ಮಾಡಿಕೊಳ್ಳುವುದು ಒಂದು. ವೈದ್ಯರ ಬಳಿ ಹೋಗಿ ಖಚಿತ ಮಾಡಿಕೊಳ್ಳುವುದು ಎರಡು. ಸರಕಾರಿ ಸರ್ಟಿಫಿಕೇಟು, ಯುಡಿಐಡಿ ಕಾರ್ಡು ಮಾಡಿಸುವುದು ಮೂರು. ಇತರರಿಗೆ ಹೇಳುವುದು ನಾಲ್ಕು. ಮೊದಲ ಬಾಗಿಲು ದಾಟಿದವರು ಎರಡನೆಯದನ್ನು ದಾಟಲೇಬೇಕೆಂದಿಲ್ಲ. ಎರಡನೆಯದನ್ನು ದಾಟಿದವರು ಸರ್ಟಿಫಿಕೇಟಿಗೆ ಅರ್ಜಿ ಹಾಕಬೇಕೆಂಬ ಕಾನೂನಿಲ್ಲ. ರೋಗಿಯ ವಿಷಯ ಗುಟ್ಟಾಗಿಡುವುದು ವೈದ್ಯರ ವೃತ್ತಿಧರ್ಮ. ನೀವು ಹೇಳದೆ ಊರಿಗೆ ಗೊತ್ತಾಗುವ ಹಾಗಿಲ್ಲ.

ಮೊದಲ ಬಾಗಿಲಿನಲ್ಲೇ ನಿಂತವರಿಗೂ ಮಾಡಿಕೊಳ್ಳಬಹುದಾದದ್ದು ಸಾಕಷ್ಟು ಉಂಟು. ಗದ್ದಲದ ಜಾಗಕ್ಕೆ ಹೋಗುವಾಗ ಕಿವಿಗೆ ಇಯರ್‌ಪ್ಲಗ್ ಹಾಕಲು, ಮದುವೆಗೆ ಬೇಗ ಹೋಗಿ ಮುಖ ತೋರಿಸಿ ಬೇಗ ಹೊರಡಲು, ‘ಫೋನ್ ಬೇಡ, ಮೆಸೇಜ್ ಹಾಕಿ’ ಎಂದು ಹೇಳಲು ಯಾವ ಡಾಕ್ಟರ ಚೀಟಿಯೂ ಬೇಡ. ಬದುಕು ಒಂದು ಹದಕ್ಕೆ ಬಂದಿದ್ದರೆ, ಹತ್ತಿರದವರು ಅರ್ಥ ಮಾಡಿಕೊಂಡಿದ್ದರೆ, ತಪಾಸಣೆ ಬೇಡ ಎಂದು ನಿರ್ಧರಿಸುವುದೂ ಸರಿಯಾದ ನಿರ್ಧಾರವೇ.

ಆದರೆ ಕೆಲಸ ಒಂದರ ಮೇಲೊಂದು ಕೈತಪ್ಪುತ್ತಿದ್ದರೆ, ದಾಂಪತ್ಯ ಒಡೆಯುವ ಹಂತಕ್ಕೆ ಬಂದಿದ್ದರೆ, ವರ್ಷಗಟ್ಟಲೆ ಖಿನ್ನತೆಯ ಮಾತ್ರೆ ತಿಂದರೂ ಗುಣ ಕಾಣದಿದ್ದರೆ, ಬದುಕೇ ಸಾಕು ಎನಿಸುತ್ತಿದ್ದರೆ, ಕಾಯಬೇಡಿ. ಅಲ್ಲಿ ತಪಾಸಣೆ ಅಗತ್ಯ. ಸಾಕು ಎಂಬ ಯೋಚನೆ ಬಂದವರು ಆಟಿಸಂ ಹೌದೋ ಅಲ್ಲವೋ ಎಂದು ತಿಳಿಯುವವರೆಗೂ ತಡೆಯಬಾರದು. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೋಗುವವರು ಎರಡು ಜಾಗ್ರತೆ ವಹಿಸಿ. ಸೈಕಾಲಜಿಸ್ಟ್ ಆದರೆ ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಎಂದು ಕೇಳಿ; ಕೇಳಿದರೆ ಬೇಜಾರು ಮಾಡುವವರ ಬಳಿ ಹೋಗಬೇಡಿ. ‘ಆಟಿಸಂ ಪೂರ್ತಿ ಗುಣ ಮಾಡುತ್ತೇವೆ’ ಎಂದು ಸ್ಟೆಮ್ ಸೆಲ್, ವಿಶೇಷ ಔಷಧಿ, ಮಂತ್ರಿಸಿದ ಎಣ್ಣೆ ಎಂದೆಲ್ಲ ಲಕ್ಷ ಲಕ್ಷ ಕೇಳುವವರಿಂದ ದೂರ ಇರಿ. ದುಆ ಮಾಡಿಸುವುದು ಬೇಡ ಎನ್ನುವವರು ನಾವಲ್ಲ. ಆದರೆ ಜಿನ್ನ್ ಬಾಧೆ ಎಂದು ಹೇಳಿ ಹೊಡೆದು ಬಡಿದು ಮಾಡುವುದು ದುಆ ಅಲ್ಲ, ಹಿಂಸೆ.

ಮದುವೆಯ ಮಾತು

ನಮ್ಮಲ್ಲಿ ಎಲ್ಲ ಪ್ರಶ್ನೆಯೂ ಕೊನೆಗೆ ಬಂದು ನಿಲ್ಲುವುದು ಮದುವೆಯಲ್ಲಿ. ಸಂಬಂಧ ಕೂಡಿಬರುವ ಮೊದಲು ಊರೂರು ವಿಚಾರಿಸುವ ಸಮಾಜ ನಮ್ಮದು. ಹಾಗಾಗಿ ಮನೆಯವರು ‘ಮದುವೆ ಆಗಲಿ, ಮತ್ತೆ ನೋಡುವ’ ಎನ್ನುತ್ತಾರೆ. ಈ ಮಾತಿನಿಂದ ಕೆಟ್ಟ ಸಂಸಾರಗಳು ಸಾಕಷ್ಟಿವೆ. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಹೇಳಿ ಒಬ್ಬರ ಕಷ್ಟವನ್ನು ಇಬ್ಬರದ್ದಾಗಿ ಮಾಡುವುದು ಯಾವ ನ್ಯಾಯ? ವೈದ್ಯರು ಖಚಿತವಾಗಿ ಹೇಳಿದ್ದನ್ನು ಬಾಳಸಂಗಾತಿ ಆಗುವವರಿಂದ ಮುಚ್ಚಿಡುವುದು ವಂಚನೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದನ್ನು ಇಡೀ ಊರಿಗೆ ಹೇಳಬೇಕಿಲ್ಲ. ಆ ಇಬ್ಬರ ನಡುವೆ, ನಿಕಾಹ್‌ಗೆ ಮೊದಲು, ಸರಳವಾಗಿ ಹೇಳಬೇಕು: ನನಗೆ ಇಂಥದ್ದು ಕಷ್ಟ, ಇಂಥದ್ದು ಬೇಕು, ಸುಮ್ಮನಿದ್ದರೆ ಸಿಟ್ಟು ಎಂದು ತಿಳಿಯಬೇಡಿ.

ಈಗಾಗಲೇ ಮದುವೆಯಾದವರಿಗೂ ಒಂದು ಮಾತು. ಹೆಸರು ಸಿಕ್ಕಿತೆಂದು ಹೆಂಡತಿಯ ಮೇಲೆ ಕೂಗಾಡುವುದಕ್ಕೆ, ಮನೆ ಜವಾಬ್ದಾರಿ ಬಿಡುವುದಕ್ಕೆ ರಿಯಾಯಿತಿ ಸಿಗುವುದಿಲ್ಲ. ಹಾಗೆಯೇ, ‘ನಿನಗೆ ಆಟಿಸಂ ಇರಬೇಕು’ ಎಂದು ಜಗಳದ ನಡುವೆ ಗಂಡನಿಗೋ ಹೆಂಡತಿಗೋ ಕಲ್ಲಿನಂತೆ ಎಸೆಯುವುದೂ ಸಲ್ಲ. ಮನೆಯವರು ಒತ್ತಾಯ ಮಾಡಿ ಎಳೆದುಕೊಂಡು ಹೋಗಬಾರದು, ಹೋಗಬೇಕೆನ್ನುವವರನ್ನು ತಡೆಯಲೂಬಾರದು. ‘ಮೈ ನೇಮ್ ಈಸ್ ಖಾನ್’ ಸಿನೆಮಾ ನೋಡಿದವರಿಗೆ ನೆನಪಿರಬಹುದು. ಅದರಲ್ಲಿ ಶಾರುಖ್ ಖಾನ್ ಮಾಡಿದ ರಿಝ್ವಾನ್ ಎಂಬ ಪಾತ್ರದ ಆಸ್ಪರ್ಗರ್ ಅನ್ನು ಗುರುತಿಸುವುದು ತಮ್ಮನ ಹೆಂಡತಿ. ಬೆಳೆದು ದೊಡ್ಡವನಾದ ಮನುಷ್ಯನನ್ನು ನಾಚಿಸದೆ, ಹೆದರಿಸದೆ ಗುರುತಿಸುವ ಅಂಥ ಒಬ್ಬರು ಮನೆಯಲ್ಲಿದ್ದರೆ ಅರ್ಧ ದಾರಿ ಸುಲಭ.

ಕೇಳಬೇಕಾದವರನ್ನೂ ಕೇಳುವ

ವ್ಯಕ್ತಿಯ ನಿರ್ಧಾರ ಎಂದು ಹೇಳಿ ಸರಕಾರವನ್ನು ಸುಮ್ಮನೆ ಬಿಡುವಂತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಲ್ಲಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ವ್ಯವಸ್ಥೆ ಉಂಟು, ಅದರಲ್ಲಿ ಆಟಿಸಂ ಕೂಡ ಸೇರಿದೆ. ಹದಿನೆಂಟು ದಾಟಿದ ಮರುದಿನ ಆಟಿಸಂ ಹೋಗುತ್ತದಾ? ಇಂಗ್ಲೆಂಡಿನಲ್ಲಿ ವಯಸ್ಕರಿಗೆಂದೇ 2009ರಲ್ಲಿ ಆಟಿಸಂ ಕಾಯ್ದೆ ತಂದರು. ಇಲ್ಲಿ ಕಾಯ್ದೆಯವರೆಗೆ ಹೋಗುವುದು ಬೇಡ, ವೆನ್‌ಲಾಕ್‌ನಂಥ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಾರಕ್ಕೆ ಒಂದು ದಿನ ವಯಸ್ಕರ ಆಟಿಸಂ ತಪಾಸಣೆಗೆ ಮೀಸಲಿಟ್ಟರೆ ಸಾಕು. ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವ ಜಿಲ್ಲೆಗೆ ಇದು ದೊಡ್ಡ ಕೆಲಸವಲ್ಲ. ತುಳು, ಬ್ಯಾರಿ ಮಾತಾಡುವ ಸಿಬ್ಬಂದಿ ಅಲ್ಲಿ ಇರಲಿ. ಜಮಾಅತ್‌ಗಳು, ಸಂಘ ಸಂಸ್ಥೆಗಳು ವರ್ಷವರ್ಷ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ಜೊತೆಗೆ ಒಬ್ಬ ಮನೋವೈದ್ಯರಿಗೂ ಒಂದು ಮೇಜು ಕೊಡಲಿ, ಸ್ವಲ್ಪ ಮರೆಯಲ್ಲಿ.

ಊರು ಏನು ಮಾಡಬಹುದು ಎಂಬುದಕ್ಕೂ ಉದಾಹರಣೆ ಉಂಟು. 1943ರ ಕ್ಯಾನರ್ ಲೇಖನದಲ್ಲಿ ಬಂದ ಮೊದಲ ಮಗುವಿನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಪಟ್ಟಣದವರು. ತಾಯಿಯ ಕುಟುಂಬಕ್ಕೆ ನಂಟಿದ್ದ ಅಲ್ಲಿನ ಬ್ಯಾಂಕಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶ ವಿದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆಯವರಿಗೆ ಅನುಕೂಲ ಇತ್ತು ಎಂಬುದು ನಿಜ. ಅಷ್ಟೇ ನಿಜವಾದದ್ದು, ಊರಿನವರು ಅವರನ್ನು ಅವರಿದ್ದ ಹಾಗೆಯೇ ತಮ್ಮವರು ಎಂದು ಒಪ್ಪಿಕೊಂಡದ್ದು. ಮನೆಮಂದಿಯೆಲ್ಲ ಸೇರಿ ಅಂಗಡಿ, ವ್ಯಾಪಾರ ನಡೆಸುವ ಸಮುದಾಯ ನಮ್ಮದು. ಗಿರಾಕಿಯ ಜೊತೆ ಮಾತಾಡಲಾಗದ ಹುಡುಗನಿಗೆ ಸ್ಟಾಕ್, ಲೆಕ್ಕ ವಹಿಸಿಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ತಪಾಸಣೆಗೆ ಹೋಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಆ ಬದುಕು ಬದುಕುತ್ತಿರುವವರೇ. ಅವರು ಅದನ್ನು ನಾಚಿಕೆಯಿಂದ, ಊರಿನ ನಾಲಗೆಗೆ ಹೆದರಿ ತೀರ್ಮಾನಿಸುವ ಹಾಗೆ ಆಗಬಾರದು. ಆ ಹೆದರಿಕೆ ಕಡಿಮೆ ಮಾಡುವ ಕೆಲಸ ನಮ್ಮೆಲ್ಲರದ್ದು. ಮುಂದಿನ ಸಲ ಯಾರನ್ನಾದರೂ ‘ಒಂಥರಾ’ ಎಂದು ಹೇಳಲು ಬಾಯಿ ತೆರೆದಾಗ ಒಂದು ಗಳಿಗೆ ತಡೆದರೆ, ಅಲ್ಲಿಂದಲೇ ಅದು ಶುರುವಾಗುತ್ತದೆ.